ಒಂಬತ್ತು ಏಳಾಯಿತು, ಏಳು ಎಷ್ಟಾಗಲಿದೆ?

ಮಂಡ್ಯ ಜಿಲ್ಲೆಗೆ ಎಷ್ಟು ಜನ ಶಾಸಕರು ಎಂದು ಕೇಳಿದರೆ ಶಾಲೆಗೆ ಹೋಗುವ ಹುಡುಗರು ತಡವರಿಸದೆ ಏಳು ಎನ್ನುತ್ತಾರೆ. ನಲವತ್ತು ದಾಟಿದವರು ಮಾತ್ರ ‘ಮೊದಲು ಒಂಬತ್ತಿತ್ತು’ ಎಂದು ಸೇರಿಸುತ್ತಾರೆ. ಮಂಡ್ಯ ತಾಲ್ಲೂಕಿನ ಕೆರಗೋಡು, ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಇವೆರಡೂ ಒಂದು ಕಾಲಕ್ಕೆ ತಮ್ಮದೇ ಹೆಸರಿನ ವಿಧಾನಸಭಾ ಕ್ಷೇತ್ರಗಳಾಗಿದ್ದವು. 2008ರ ಮೇ ತಿಂಗಳ ಚುನಾವಣೆ ಬರುವ ಹೊತ್ತಿಗೆ ಎರಡೂ ನಕ್ಷೆಯ ಮೇಲೆ ಇರಲಿಲ್ಲ. ಪಾಂಡವಪುರ ಉಳಿಯಿತು, ಆದರೆ ಮೇಲುಕೋಟೆ ಎಂಬ ಹೆಸರಿನಲ್ಲಿ. ಕಾವೇರಿಯ ಒಂದು ಆದೇಶ ಬಂದರೆ ಬೆಳಗಾಗುವುದರೊಳಗೆ ಹೆದ್ದಾರಿಗೆ ಇಳಿಯುವ ಜಿಲ್ಲೆ, ಎರಡು ಕ್ಷೇತ್ರ ಕಳೆದುಕೊಂಡಾಗ ಅದರ ಕಾಲು ಪಾಲು ದನಿಯನ್ನೂ ಎತ್ತಲಿಲ್ಲ.

ಆ ಸರದಿ ಮತ್ತೆ ಬರುತ್ತಿದೆ. ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಕ್ಷೇತ್ರಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟಬಾರದೆಂದು ಸಂವಿಧಾನದ 84ನೇ ತಿದ್ದುಪಡಿ ಹಾಕಿದ್ದ ಬೀಗ ಅಲ್ಲಿಗೆ ತೆರೆಯುತ್ತದೆ. ಅನಂತರ ಕ್ಷೇತ್ರ ಮರುವಿಂಗಡಣೆ. 2028ರ ವಿಧಾನಸಭಾ ಚುನಾವಣೆ ಬಹುಶಃ ಈಗಿನ ಗೆರೆಗಳಲ್ಲೇ ನಡೆದುಹೋಗಬಹುದು. ಹಾಗಾಗಿ ನಮ್ಮ ಜನಪ್ರತಿನಿಧಿಗಳಿಗೆ ಇದು ಇನ್ನೂ ದೂರದ ಮಾತು. ನಮಗೆ ಹಾಗೆ ಕಾಣುತ್ತಿಲ್ಲ. ಗೆರೆ ಬದಲಾದ ಮೇಲೆ ಮಾತನಾಡಿ ಪ್ರಯೋಜನವಿಲ್ಲ ಎಂಬುದನ್ನು ಕಿರುಗಾವಲು ಒಮ್ಮೆ ಕಲಿಸಿದೆ. ಆದ್ದರಿಂದ ಈ ಮಾತನ್ನು ಈಗಲೇ ಆಡಬೇಕಾಗಿದೆ.

ಲೆಕ್ಕ ಬಹಳ ಸರಳ. ರಾಜ್ಯದ ಒಟ್ಟು ಜನಸಂಖ್ಯೆಯನ್ನು 224 ಸ್ಥಾನಗಳಿಗೆ ಭಾಗಿಸಿ, ಬಂದ ಸರಾಸರಿಯಿಂದ ಜಿಲ್ಲೆಯ ಜನಸಂಖ್ಯೆಯನ್ನು ಭಾಗಿಸಿದರೆ ಆ ಜಿಲ್ಲೆಯ ಪಾಲು ಸಿಗುತ್ತದೆ. 1971ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ, ಮಂಡ್ಯದ್ದು 11.54 ಲಕ್ಷ. ಭಾಗಿಸಿದರೆ 8.8 ಬರುತ್ತದೆ. ಒಂಬತ್ತು ಕ್ಷೇತ್ರ ಸಿಕ್ಕಿತು. 2001ರಲ್ಲಿ ರಾಜ್ಯ 5.28 ಕೋಟಿ, ಮಂಡ್ಯ 17.63 ಲಕ್ಷ. ಭಾಗಿಸಿದರೆ 7.47. ಏಳು ಕ್ಷೇತ್ರಕ್ಕೆ ಇಳಿಯಿತು. ಅದೇ 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷ ಜನರನ್ನು ಅದೇ ಸರಾಸರಿಯಿಂದ ಭಾಗಿಸಿದರೆ 27.7. ಇವತ್ತು ಬೆಂಗಳೂರಿಗೆ 28 ಶಾಸಕರಿದ್ದಾರೆ. ರಾಜ್ಯದ ಒಟ್ಟು ಸ್ಥಾನಗಳು 224ರಲ್ಲೇ ನಿಂತಿರುವಾಗ ರಾಜಧಾನಿಗೆ ಹೆಚ್ಚಿದ ಕುರ್ಚಿಗಳನ್ನು ಬೇರೆ ಜಿಲ್ಲೆಗಳು ಬಿಟ್ಟುಕೊಡಲೇಬೇಕಾಯಿತು. ಅವುಗಳಲ್ಲಿ ಎರಡು ಮಂಡ್ಯದವು.

2011ಕ್ಕೆ ಬನ್ನಿ. ಹತ್ತು ವರ್ಷದಲ್ಲಿ ಮಂಡ್ಯ ಜಿಲ್ಲೆಗೆ ಸೇರಿದ ಹೊಸ ತಲೆಗಳು 42 ಸಾವಿರ, ಅಂದರೆ ಶೇ 2.4ರಷ್ಟು ಬೆಳವಣಿಗೆ. ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು 30.8 ಲಕ್ಷ. ಒಂದೇ ದಶಕದಲ್ಲಿ ಬೆಂಗಳೂರು ಒಂದೂಮುಕ್ಕಾಲು ಮಂಡ್ಯ ಜಿಲ್ಲೆಗಳನ್ನು ತನ್ನೊಳಗೆ ಸೇರಿಸಿಕೊಂಡಂತಾಯಿತು. 2011ರ ಅಂಕಿ ಹಿಡಿದರೆ ನಮ್ಮ ಪಾಲು 6.6, ಬೆಂಗಳೂರಿನದು 35ಕ್ಕೂ ಹೆಚ್ಚು. ಮುಂದಿನ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.8 ಕೋಟಿಯ ಆಸುಪಾಸು ಇರುತ್ತದೆ, ಮಂಡ್ಯ ಹಿಂದಿನ ದಶಕದ ವೇಗದಲ್ಲೇ ಬೆಳೆದಿದೆ ಎಂದಿಟ್ಟುಕೊಂಡರೆ ನಮ್ಮ ಪಾಲು ಆರರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಇದು ನಮ್ಮ ಅಂದಾಜು, ಸರ್ಕಾರದ್ದಲ್ಲ. ವಿಧಾನಸಭೆಯ ಒಟ್ಟು ಸ್ಥಾನಗಳನ್ನೇ ಹೆಚ್ಚಿಸಿದರೆ ಏಳು ಏಳಾಗಿಯೇ ಉಳಿಯಬಹುದು. ಸಂವಿಧಾನ 500ರವರೆಗೆ ಅವಕಾಶ ಕೊಟ್ಟಿದೆ. ಆದರೆ ದೊಡ್ಡ ಸದನದಲ್ಲಿ ಏಳು ಜನರ ತೂಕ ಈಗಿನ ಏಳು ಜನರ ತೂಕವಲ್ಲ. ಒಂಬತ್ತು ಶಾಸಕರಿದ್ದಾಗ ಸದನದಲ್ಲಿ ನಮ್ಮ ಪಾಲು ಶೇ 4 ಇತ್ತು, ಈಗ ಶೇ 3.1. ಸಂಖ್ಯೆ ಹೇಗೇ ಕೂಡಿಸಿದರೂ ಮುಂದಿನದು ಶೇ 3ಕ್ಕಿಂತ ಕೆಳಗೇ.

ಶಾಸಕ ಕಡಿಮೆಯಾದರೆ ಖರ್ಚು ಉಳಿಯಿತು ಎಂದು ಸಂತೋಷಪಡುವವರೂ ಉಂಟು. ಅವರ ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ನಮ್ಮ ವ್ಯವಸ್ಥೆಯಲ್ಲಿ ಶಾಸಕನ ಕೆಲಸ ಸದನದಲ್ಲಿ ಕೈ ಎತ್ತುವುದಕ್ಕೆ ಮುಗಿಯುವುದಿಲ್ಲ. ಬಗರ್ ಹುಕುಂ ಸಮಿತಿಗೆ ಶಾಸಕನೇ ಅಧ್ಯಕ್ಷ. ಮೂವತ್ತು ವರ್ಷದಿಂದ ಉಳುತ್ತಿರುವ ಒಂದೂವರೆ ಎಕರೆಗೆ ಸಾಗುವಳಿ ಚೀಟಿ ಸಿಗುತ್ತದೋ ಇಲ್ಲವೋ ಎಂಬುದು ಆ ಸಭೆ ನಡೆಯುವುದರ ಮೇಲೆ ನಿಂತಿದೆ. ವರ್ಷಕ್ಕೆ 2 ಕೋಟಿಯ ಕ್ಷೇತ್ರಾಭಿವೃದ್ಧಿ ನಿಧಿ ಬರುವುದು ಕ್ಷೇತ್ರದ ಲೆಕ್ಕದಲ್ಲಿ, ತಾಲ್ಲೂಕಿನ ಲೆಕ್ಕದಲ್ಲಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ಎಷ್ಟು ದಿನ ನೀರು, ಯಾವಾಗ ಕಟ್ಟು, ಬೇಸಿಗೆ ಬೆಳೆಗೆ ಉಂಟೋ ಇಲ್ಲವೋ ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ನಿರ್ಧರಿಸುತ್ತದೆ. ಆ ಸಭೆಯಲ್ಲಿ ಶಾಸಕರು ಕೂರುತ್ತಾರೆ. ಮದ್ದೂರು, ಮಳವಳ್ಳಿ ನಾಲೆಯ ಕೊನೆ ಭಾಗದವು. ಮೇಲಿನವರು ತೂಬು ಎತ್ತಿದರೆ ಇಲ್ಲಿ ಗದ್ದೆ ಬಿರುಕು ಬಿಡುತ್ತದೆ. ಕೊನೆ ಭಾಗದವರಿಗೆ ಆ ಮೇಜಿನಲ್ಲಿ ಒಂದು ಕುರ್ಚಿ ಕಡಿಮೆಯಾದರೆ ಅದರ ಬೆಲೆ ಎಷ್ಟೆಂದು ಹಲಗೂರು ಕಡೆಯ ರೈತನಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಈ ಸಂಪಾದಕೀಯವನ್ನು ಅರ್ಧ ಕಾಲಂನಲ್ಲಿ ಮುಗಿಸಬಹುದಿತ್ತು. ನಮ್ಮ ಆತಂಕ ಇನ್ನೂ ಹಳೆಯದಾದ ಒಂದು ಚುನಾವಣೆಯಿಂದ ಹುಟ್ಟಿದೆ.

1962ರ ಮದ್ದೂರು. ಕಾಂಗ್ರೆಸ್ಸಿನ ಅಭ್ಯರ್ಥಿ ಎಚ್.ಕೆ. ವೀರಣ್ಣಗೌಡರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದ ಕಾಲದಿಂದ ಈ ನೆಲದ ರಾಜಕಾರಣದಲ್ಲಿ ಬೇರೂರಿದ್ದ ಹಿರಿಯರು. ಅವರೆದುರು ಪಕ್ಷೇತರನಾಗಿ ನಿಂತದ್ದು ಸೋಮನಹಳ್ಳಿಯ ಒಬ್ಬ ಯುವಕ. ವಯಸ್ಸು ಮೂವತ್ತು ತುಂಬಿರಲಿಲ್ಲ. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ, ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲೂ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಕಾನೂನು ಓದಿ, 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿನ ಭಾರತೀಯರ ನಡುವೆ ಜಾನ್ ಕೆನಡಿ ಪರ ಪ್ರಚಾರ ಮಾಡಿ ಬಂದಿದ್ದ ಎಸ್.ಎಂ. ಕೃಷ್ಣ. ಕಾಂಗ್ರೆಸ್ ಪರ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರೆಂಬ ಮಾತು ಮದ್ದೂರಿನ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಗೆದ್ದದ್ದು ಪಕ್ಷೇತರ.

ಈ ಕಥೆಯನ್ನು ಹೇಳುವವರೆಲ್ಲ ಕೃಷ್ಣ ಅವರ ಜಾಣ್ಮೆಯನ್ನೋ ಅದೃಷ್ಟವನ್ನೋ ಹೊಗಳಿ ಮುಗಿಸುತ್ತಾರೆ. ಎರಡೂ ಇದ್ದವು. ಆದರೆ ಆಗಿನ ಕ್ಷೇತ್ರ ಎಷ್ಟು ಚಿಕ್ಕದಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. 1961ರ ಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2.36 ಕೋಟಿ, ವಿಧಾನಸಭೆಯ ಸ್ಥಾನಗಳು 208. ಸರಾಸರಿ ಒಂದು ಕ್ಷೇತ್ರಕ್ಕೆ 1.13 ಲಕ್ಷ ಜನ. ಅವರಲ್ಲಿ ಮಕ್ಕಳನ್ನೂ 21 ತುಂಬದವರನ್ನೂ ಬಿಟ್ಟರೆ ಮತದಾರರು ಅರ್ಧದಷ್ಟು. ಮನಸ್ಸು ಮಾಡಿದ ಅಭ್ಯರ್ಥಿ ಒಂದು ಜೀಪು, ಹತ್ತಾರು ಗೆಳೆಯರು, ನೆಂಟರಿಷ್ಟರನ್ನು ಕಟ್ಟಿಕೊಂಡು ಎಲ್ಲ ಊರಿನ ಅರಳಿಕಟ್ಟೆಯನ್ನೂ ಮುಟ್ಟಿ ಬರಬಹುದಾಗಿದ್ದ ಅಳತೆ ಅದು. ಹುಡುಗ ಯಾರ ಮಗ, ಮಾತು ಹೇಗೆ, ನಾಳೆ ಮನೆ ಬಾಗಿಲಿಗೆ ಹೋದರೆ ಕೂರಿಸಿ ಮಾತಾಡಿಸುತ್ತಾನೋ ಇಲ್ಲವೋ ಎಂಬುದನ್ನು ಮತದಾರನೂ ಖುದ್ದಾಗಿ ತೂಗಿ ನೋಡಬಹುದಾಗಿತ್ತು.

2011ರ ಲೆಕ್ಕದಲ್ಲಿ ಸರಾಸರಿ ಕ್ಷೇತ್ರದ ಜನಸಂಖ್ಯೆ 2.73 ಲಕ್ಷ. ಮುಂದಿನ ಮರುವಿಂಗಡಣೆಯಲ್ಲಿ ಅದು 3 ಲಕ್ಷ ದಾಟಬಹುದು. 1962ರ ಸರಾಸರಿ ಕ್ಷೇತ್ರದ ಎರಡೂವರೆ ಪಟ್ಟಿಗಿಂತ ದೊಡ್ಡದು. ಅಷ್ಟು ಜನರನ್ನು ಕಾಲ್ನಡಿಗೆಯಲ್ಲಿ ಮುಟ್ಟುವುದು ಆಗದ ಮಾತು. ಮುಟ್ಟಬೇಕಾದರೆ ಬೂತಿಗೊಂದು ತಂಡ ಬೇಕು, ಬಾಡೂಟ ಬೇಕು, ಮೊಬೈಲಿನಲ್ಲಿ ಹರಿದಾಡುವ ವಿಡಿಯೊ ಬೇಕು, ಸಿನಿಮಾದವರು ಬಂದು ಕೈ ಬೀಸಬೇಕು. ವಿಧಾನಸಭೆ ಅಭ್ಯರ್ಥಿಯ ಕಾನೂನುಬದ್ಧ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಆ ಅಂಕಿ ಕೇಳಿ ಮಂಡ್ಯದಲ್ಲಿ ನಗದವರು ಯಾರು? ಕ್ಷೇತ್ರ ದೊಡ್ಡದಾದಷ್ಟೂ ಹಣ ಮತ್ತು ಪಕ್ಷ ಇಲ್ಲದವನು ನಾಮಪತ್ರ ಸಲ್ಲಿಸಿದ ದಿನವೇ ಸೋತಿರುತ್ತಾನೆ.

ಪಕ್ಷೇತರರು ಈಗಲೂ ಗೆಲ್ಲುತ್ತಾರಲ್ಲ ಎಂದು ಯಾರಾದರೂ 2019ರ ಲೋಕಸಭಾ ಚುನಾವಣೆಯನ್ನು ಮುಂದಿಡಬಹುದು. ಸುಮಲತಾ ಅಂಬರೀಶ್ ಅವರು ಮುಖ್ಯಮಂತ್ರಿಯ ಮಗನನ್ನು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದು ನಿಜ. ಅದು ಮಂಡ್ಯದ ಮತದಾರನ ಸ್ವಾಭಿಮಾನ ಎಂದು ನಾವೂ ಒಪ್ಪುತ್ತೇವೆ. ಆದರೆ ಅಂಬರೀಶ್ ಅವರ ಹೆಸರು, ಬಿಜೆಪಿಯ ಬೆಂಬಲ, ಇಬ್ಬರು ತಾರೆಯರ ಜೋಡೆತ್ತು ಇಷ್ಟೂ ಬೆನ್ನಿಗಿದ್ದ ಪಕ್ಷೇತರತನ ಅದು. 2023ರಲ್ಲಿ ಮೇಲುಕೋಟೆಯಲ್ಲಿ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಅವರದು ಇನ್ನಷ್ಟು ಹತ್ತಿರದ ಉದಾಹರಣೆ. ಅಮೆರಿಕದಿಂದ ಮರಳಿದವರು, ಸರ್ವೋದಯ ಕರ್ನಾಟಕ ಪಕ್ಷದವರು. ಅಲ್ಲಿಯೂ ತಂದೆ ಕೆ.ಎಸ್. ಪುಟ್ಟಣ್ಣಯ್ಯನವರ ಹಸಿರು ಶಾಲಿನ ದಶಕಗಳ ದುಡಿಮೆಯಿತ್ತು, ಎದುರಿಗೆ ಅಭ್ಯರ್ಥಿ ಹಾಕದ ಕಾಂಗ್ರೆಸ್ಸಿನ ಬೆಂಬಲವಿತ್ತು. ದೊಡ್ಡ ಕ್ಷೇತ್ರದಲ್ಲಿ ಹೊರಗಿನವನು ಗೆಲ್ಲಲು ಇಷ್ಟೆಲ್ಲ ಒದಗಿ ಬರಬೇಕು. ಇವು ಯಾವುವೂ ಇಲ್ಲದ ಒಬ್ಬ ಮೇಷ್ಟ್ರು, ಒಬ್ಬ ಆಶಾ ಕಾರ್ಯಕರ್ತೆ, ಹಾಲಿನ ಡೇರಿಯ ಒಬ್ಬ ಕಾರ್ಯದರ್ಶಿ ಏನು ಮಾಡಬೇಕು?

ಕೃಷ್ಣ ಅವರ ಮುಂದಿನ ದಾರಿಯನ್ನೂ ಈ ಬೆಳಕಿನಲ್ಲಿ ನೋಡಿ. 1968ರ ಉಪಚುನಾವಣೆಯಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಮಂಡ್ಯದ ಸಂಸದ, ಆಮೇಲೆ ಕಾಂಗ್ರೆಸ್, ಸಭಾಧ್ಯಕ್ಷ, ಉಪಮುಖ್ಯಮಂತ್ರಿ. 1999ರಲ್ಲಿ ಮದ್ದೂರಿನಿಂದಲೇ ಗೆದ್ದು ಮುಖ್ಯಮಂತ್ರಿ. 2004ರಲ್ಲಿ ಅವರು ಸ್ಪರ್ಧಿಸಿದ್ದು ಬೆಂಗಳೂರಿನ ಚಾಮರಾಜಪೇಟೆಯಿಂದ. ಅದೇ ವರ್ಷದ ಕೊನೆಗೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಮುಂಬೈ ಸೇರಿದರು. ಅದರ ಹಿಂದಿನ ರಾಜಕೀಯ ಲೆಕ್ಕಾಚಾರ ಏನೇ ಇರಲಿ, ಮದ್ದೂರು ಬೆಳೆಸಿದ ನಾಯಕ ಬೆಂಗಳೂರಿನ ಮತದಾರರ ಬಳಿಗೆ ಹೋದ ನಾಲ್ಕೇ ವರ್ಷಕ್ಕೆ ಕ್ಷೇತ್ರಗಳೂ ಅದೇ ದಾರಿ ಹಿಡಿದವು.

ಕಿರುಗಾವಲಿನ ಕಥೆ ಇದಕ್ಕಿಂತ ಮೌನವಾದದ್ದು. ಕಾವೇರಿ ಹೋರಾಟ ಎಂದರೆ ಕಣ್ಣ ಮುಂದೆ ಬರುವ ಜಿ. ಮಾದೇಗೌಡರು 1962ರಿಂದ ಸತತವಾಗಿ ಆರು ಬಾರಿ ಗೆದ್ದದ್ದು ಈ ಕ್ಷೇತ್ರದಿಂದ. ಅವರ ಊರು ಗುರುದೇವರಹಳ್ಳಿ ಮದ್ದೂರು ತಾಲ್ಲೂಕಿನದು, ಕ್ಷೇತ್ರದ ಹೆಸರು ಮಳವಳ್ಳಿ ತಾಲ್ಲೂಕಿನ ಊರಿನದು. ತಾಲ್ಲೂಕಿನ ಗಡಿಯನ್ನು ಲೆಕ್ಕಿಸದೆ ನಾಲೆಯ ಕೊನೆ ಭಾಗದ ಹಲವು ಹಳ್ಳಿಗಳನ್ನು ಒಂದು ಹೆಸರಿನಡಿ ತಂದ ಕ್ಷೇತ್ರ ಅದಾಗಿತ್ತು. ನೀರಿನ ರಾಜಕಾರಣ ಅಲ್ಲಿ ಬೆಳೆದದ್ದು ಆಕಸ್ಮಿಕವಲ್ಲ ಎಂಬುದು ನಮ್ಮ ಅನಿಸಿಕೆ. ಕೆರಗೋಡು ಕೂಡ ಹಾಗೆಯೇ ಹೊಳಲಿನ ಎಚ್.ಡಿ. ಚೌಡಯ್ಯನವರಂಥ ಗ್ರಾಮೀಣ ಮುತ್ಸದ್ದಿಯನ್ನು ಸದನಕ್ಕೆ ಕಳಿಸಿದ್ದ ಕ್ಷೇತ್ರ. 2008ರ ಗೆರೆಗಳು ಎರಡನ್ನೂ ಬಿಚ್ಚಿ ಅಕ್ಕಪಕ್ಕದವರಿಗೆ ಹಂಚಿದವು. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಗೆ ಈಗ ನಾಗಮಂಗಲದ ಶಾಸಕರು. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಗೆ ಮೇಲುಕೋಟೆಯ ಶಾಸಕರು. ಪಹಣಿಗೆ ಒಂದು ಊರಿಗೆ, ಶಾಸಕರ ಪತ್ರಕ್ಕೆ ಇನ್ನೊಂದು ಊರಿಗೆ ಅಲೆಯುವುದು ಅಲ್ಲಿನವರಿಗೆ ಅಭ್ಯಾಸವಾಗಿಹೋಗಿದೆ. ಲೋಕಸಭೆಗಂತೂ ಮಂಡ್ಯದ ಏಳು ಕ್ಷೇತ್ರಗಳು ಸಾಲದೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರವನ್ನು ಸೇರಿಸಿ ಎಂಟು ಮಾಡಿಕೊಂಡಿದ್ದೇವೆ.

ಮುಂದಿನ ಸಲ ಕತ್ತರಿ ಎಲ್ಲಿ ಬೀಳಬಹುದು? 2011ರಲ್ಲಿ ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕುಗಳ ಜನಸಂಖ್ಯೆ 3 ಲಕ್ಷದೊಳಗಿತ್ತು. ಸರಾಸರಿ 3 ಲಕ್ಷ ದಾಟಿದರೆ ಎರಡರಲ್ಲಿ ಯಾವುದೂ ತಾನೇ ಒಂದು ಕ್ಷೇತ್ರವಾಗಿ ನಿಲ್ಲುತ್ತದೆಂಬ ಖಾತರಿಯಿಲ್ಲ. ಪಕ್ಕದ ಹೋಬಳಿಯನ್ನು ತಂದು ಸೇರಿಸಬೇಕಾಗಬಹುದು ಅಥವಾ ತಾಲ್ಲೂಕನ್ನೇ ಕಡಿಯಬೇಕಾಗಬಹುದು. ಮಳವಳ್ಳಿಯ ವಿಷಯ ಇನ್ನೂ ಸೂಕ್ಷ್ಮ. ಇಡೀ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಅದೊಂದೇ. ಗೆರೆ ಸರಿದಾಗ ಮೀಸಲಾತಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಈಗ ಉತ್ತರವಿಲ್ಲ. ಅದರ ಜೊತೆಗೆ 2023ರ 106ನೇ ತಿದ್ದುಪಡಿಯಂತೆ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನಗಳ ಮೀಸಲಾತಿಯೂ ಇದೇ ಮರುವಿಂಗಡಣೆಯ ಬೆನ್ನಿಗೆ ಬರಬೇಕು. ಅದು ಬರಲಿ, ತಡವಾಗಿ ಬರುತ್ತಿದೆ ಎಂಬುದೇ ನಮ್ಮ ದೂರು. ಆದರೆ ಮೂರೂ ಬದಲಾವಣೆ ಒಟ್ಟಿಗೆ ಬಂದಾಗ ಗದ್ದಲದಲ್ಲಿ ಯಾವುದು ಏಕೆ ಆಯಿತು ಎಂಬುದು ತಿಳಿಯದೆ ಹೋಗುವ ಅಪಾಯವಿದೆ.

ದಕ್ಷಿಣದ ರಾಜ್ಯಗಳು ಕೆಲವು ವರ್ಷಗಳಿಂದ ಒಂದು ವಾದ ಹೂಡಿವೆ. ಜನಸಂಖ್ಯೆ ಹಿಡಿತದಲ್ಲಿಟ್ಟುಕೊಂಡ ತಪ್ಪಿಗೆ ಲೋಕಸಭೆಯಲ್ಲಿ ನಮ್ಮ ಪಾಲು ಕಡಿಮೆಯಾಗಬೇಕೇ ಎಂಬುದು ಆ ವಾದ. ಬೆಂಗಳೂರಿನ ವೇದಿಕೆಗಳ ಮೇಲೆ ಎಲ್ಲ ಪಕ್ಷದ ನಾಯಕರೂ ಕರ್ನಾಟಕದ 28 ಸ್ಥಾನಗಳ ಬಗ್ಗೆ ಕಳವಳ ಪಡುತ್ತಾರೆ. ಸರಿ. ಆದರೆ ದೆಹಲಿ ಕರ್ನಾಟಕಕ್ಕೆ ಮಾಡಬಾರದು ಎನ್ನುವುದನ್ನೇ ಬೆಂಗಳೂರು ಮಂಡ್ಯಕ್ಕೆ ಒಮ್ಮೆ ಮಾಡಿ ಮುಗಿಸಿದೆ, ಎರಡನೇ ಸಲಕ್ಕೆ ಅಣಿಯಾಗುತ್ತಿದೆ. ಶೇ 2.4ರ ಬೆಳವಣಿಗೆಯಲ್ಲಿ ಚಿಕ್ಕ ಕುಟುಂಬಗಳ ಪಾಲಿದೆ, ಊರು ಬಿಟ್ಟವರ ಪಾಲೂ ಇದೆ. ಎರಡಕ್ಕೂ ಶಿಕ್ಷೆ ಒಂದೇ. ರಾಜ್ಯದ ಒಳಗಿನ ಈ ಅಸಮತೋಲನದ ಬಗ್ಗೆ ಅದೇ ನಾಯಕರ ಬಾಯಿಂದ ಒಂದು ಮಾತು ಹೊರಟಿದ್ದನ್ನು ನಾವು ಕೇಳಿಲ್ಲ.

ಊರು ಬಿಟ್ಟವರ ಮಾತು ಬಂತು. ಇಲ್ಲೊಂದು ವಿಚಿತ್ರವಿದೆ. ಮಳವಳ್ಳಿಯ ಹುಡುಗ ಬೆಂಗಳೂರಿನ ಕೆಂಗೇರಿಯಲ್ಲಿ ಬಾಡಿಗೆ ರೂಮು ಮಾಡಿ ಕ್ಯಾಬ್ ಓಡಿಸುತ್ತಾನೆ. ಗಣತಿಯವರು ಅವನನ್ನು ಎಣಿಸುವುದು ಕೆಂಗೇರಿಯಲ್ಲಿ. ಆದರೆ ಅವನ ಮತದಾರರ ಚೀಟಿ ಊರಿನಲ್ಲಿದೆ. ಚುನಾವಣೆಯ ಹಿಂದಿನ ರಾತ್ರಿ ಬಸ್ಸು ಹತ್ತಿ ಬಂದು ಮತ ಹಾಕಿ ಹೋಗುತ್ತಾನೆ. ಕ್ಷೇತ್ರ ಹಂಚುವುದು ಮತದಾರರ ಪಟ್ಟಿ ನೋಡಿ ಅಲ್ಲ, ಗಣತಿಯ ತಲೆ ಲೆಕ್ಕ ನೋಡಿ. ಹೀಗೆ ಅವನ ತಲೆಯ ಬಲದಿಂದ ಬೆಂಗಳೂರಿಗೆ ಶಾಸಕ ಸಿಗುತ್ತಾನೆ, ಅವನ ಮತ ಮಾತ್ರ ಮಳವಳ್ಳಿಯಲ್ಲೇ ಬೀಳುತ್ತದೆ. ಹಾಗೆಂದು ಗಣತಿಯಲ್ಲಿ ಸುಳ್ಳು ಬರೆಸಿ ಎಂದು ಈ ಪತ್ರಿಕೆ ಹೇಳುವುದಿಲ್ಲ. ಸುಳ್ಳು ಲೆಕ್ಕದ ಮೇಲೆ ಕಟ್ಟಿದ ಹಕ್ಕು ನಾಳೆ ರೇಷನ್ ಕಾರ್ಡಿನಿಂದ ಆಸ್ಪತ್ರೆಯ ಹಾಸಿಗೆವರೆಗೆ ಎಲ್ಲವನ್ನೂ ಕೆಡಿಸುತ್ತದೆ. ಆದರೆ ದಿನವೂ ಮಂಡ್ಯ, ಮದ್ದೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆಗೆ ಬರುವವರು ಸಾವಿರಾರು ಜನರಿದ್ದಾರೆ. ಅವರು ನ್ಯಾಯವಾಗಿಯೇ ಇಲ್ಲಿಯವರು. ಗಣತಿಯವರು ಬಂದಾಗ ಬಾಗಿಲು ಹಾಕಿತ್ತು ಎಂಬ ಕಾರಣಕ್ಕೆ ಆ ಮನೆಗಳು ಲೆಕ್ಕದಿಂದ ಬಿಟ್ಟುಹೋಗಬಾರದು.

ಈ ವಾದಕ್ಕೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟರೆ ನಾವು ಓದುಗರಿಗೆ ಮೋಸ ಮಾಡಿದಂತೆ. ಬೆಂಗಳೂರಿನ ಮಹದೇವಪುರ ಕ್ಷೇತ್ರದಲ್ಲಿ 6 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಅಲ್ಲಿನವರ ಒಂದು ಮತಕ್ಕೆ ನಮ್ಮ ಒಂದು ಮತದ ಅರ್ಧ ತೂಕವೂ ಇಲ್ಲ. ಇದು ಸರಿಯೇ ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು.

ಹಳ್ಳಿಗೆ ಹೆಚ್ಚು ತೂಕ ಕೊಡುವ ಹಟ ಎಲ್ಲಿಗೆ ಹೋಗಿ ನಿಲ್ಲಬಹುದು ಎಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ 1946ರ ಗವರ್ನರ್ ಚುನಾವಣೆ ಸಾಕ್ಷಿ. ಅಲ್ಲಿ ಗವರ್ನರನನ್ನು ಜನರೇ ಚುನಾಯಿಸುತ್ತಾರೆ. ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಗೆದ್ದವನೇ ಗವರ್ನರ್ ಎಂಬಷ್ಟು ಒಂದೇ ಪಕ್ಷದ ಆಳ್ವಿಕೆ ಆಗ ಅಲ್ಲಿತ್ತು. ಆದರೆ ಆ ಒಳಚುನಾವಣೆಯಲ್ಲಿ ಮತಗಳನ್ನು ಒಟ್ಟಾರೆ ಎಣಿಸುತ್ತಿರಲಿಲ್ಲ. 159 ಕೌಂಟಿಗಳಿಗೆ ಅಂಕ ಹಂಚಿಕೆಯಾಗಿತ್ತು. ಅತಿ ದೊಡ್ಡ ಎಂಟಕ್ಕೆ ಆರಾರು, ನಂತರದ ಮೂವತ್ತಕ್ಕೆ ನಾಲ್ಕು ನಾಲ್ಕು, ಉಳಿದ 121 ಪುಟ್ಟ ಕೌಂಟಿಗಳಿಗೆ ಎರಡೆರಡು. ಲಕ್ಷಗಟ್ಟಲೆ ಜನರಿದ್ದ ಅಟ್ಲಾಂಟಾ ನಗರದ ಕೌಂಟಿಗೆ ಮೂರು ಸಣ್ಣ ಹಳ್ಳಿಗಾಡಿನ ಕೌಂಟಿಗಳಷ್ಟೇ ಬೆಲೆ. ಜೇಮ್ಸ್ ಕಾರ್ಮೈಕಲ್‌ಗೆ 3.13 ಲಕ್ಷ ಮತ ಬಂದವು, ಯೂಜೀನ್ ಟಾಲ್ಮೇಜ್‌ಗೆ 2.97 ಲಕ್ಷ. ಗೆದ್ದವನು ಟಾಲ್ಮೇಜ್: ಅವನಿಗೆ 242 ಅಂಕ, ಕಾರ್ಮೈಕಲ್‌ಗೆ 146. ಕರಿಯರ ಮತದ ಹಕ್ಕಿನ ವಿರುದ್ಧ ವಿಷ ಕಾರುತ್ತಲೇ ರಾಜಕಾರಣ ಮಾಡಿದ ಮನುಷ್ಯ ಅವನು. ಅಧಿಕಾರ ವಹಿಸಿಕೊಳ್ಳುವ ಮೊದಲೇ ಆ ಡಿಸೆಂಬರ್‌ನಲ್ಲಿ ತೀರಿಕೊಂಡ. 1947ರ ಆರಂಭದಲ್ಲಿ ಮೂವರು ತಾವೇ ಗವರ್ನರ್ ಎಂದು ಒಟ್ಟಿಗೆ ಹಕ್ಕು ಸಾಧಿಸಲು ನಿಂತು, ಕೊನೆಗೆ ನ್ಯಾಯಾಲಯ ತೀರ್ಮಾನಿಸಬೇಕಾಯಿತು. ಆ ಅಂಕದ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ತಳ್ಳಿಹಾಕಿತು. ಟೆನೆಸ್ಸಿ ರಾಜ್ಯದ ಹಳೆಯ ಕ್ಷೇತ್ರ ಗೆರೆಗಳನ್ನು ಪ್ರಶ್ನಿಸಿದ ಬೇಕರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇಂಥ ದೂರುಗಳಿಗೆ ಬಾಗಿಲು ತೆರೆದದ್ದು 1962ರ ಮಾರ್ಚ್‌ನಲ್ಲಿ, ಅಂದರೆ ಇಲ್ಲಿ ಮದ್ದೂರಿನವರು ಮತ ಹಾಕಿದ ಆಸುಪಾಸಿನಲ್ಲಿ.

ಹಾಗಾಗಿ ‘ಹಳ್ಳಿಗೆ ಹೆಚ್ಚು ತೂಕ ಕೊಡಿ’ ಎಂಬ ಬೇಡಿಕೆ ನಮ್ಮದಲ್ಲ. ಅದು ಜಾರ್ಜಿಯಾದ ದಾರಿ. ನಮ್ಮ ಬೇಡಿಕೆ ಮಹದೇವಪುರದ ಮತದಾರನೂ ಒಪ್ಪಬಹುದಾದದ್ದು: ಕ್ಷೇತ್ರಗಳು ಚಿಕ್ಕವಾಗಲಿ. ಆರು ಲಕ್ಷ ಮತದಾರರಿಗೆ ಒಬ್ಬ ಶಾಸಕ ಎಂಬುದು ಅವರಿಗೂ ಅನ್ಯಾಯ. 1978ರಲ್ಲಿ 224ಕ್ಕೆ ನಿಂತ ವಿಧಾನಸಭೆಯ ಸಂಖ್ಯೆ ಅಲ್ಲಿಂದ ಒಂದೂ ಹೆಚ್ಚಿಲ್ಲ, ರಾಜ್ಯದ ಜನಸಂಖ್ಯೆ 1971ಕ್ಕೆ ಹೋಲಿಸಿದರೆ 2011ರಲ್ಲೇ ಎರಡು ಪಟ್ಟು ದಾಟಿತ್ತು. ಒಟ್ಟು ಸ್ಥಾನಗಳನ್ನು ಹೆಚ್ಚಿಸಿ ನಗರದ ಕೊರತೆ ತುಂಬಿರಿ; ನಮ್ಮದನ್ನು ಕಿತ್ತು ಅಲ್ಲಿಗೆ ಕೊಡಬೇಡಿ. ಶಾಸಕರ ಸಂಬಳ ಸಾರಿಗೆಯ ಖರ್ಚು ಹೆಚ್ಚುತ್ತದೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ದೊಡ್ಡ ಕ್ಷೇತ್ರದಲ್ಲಿ ಗೆಲ್ಲಲು ಒಬ್ಬ ಅಭ್ಯರ್ಥಿ ಸುರಿಯುವ ಹಣ, ಗೆದ್ದ ಮೇಲೆ ಅದನ್ನು ಅವನು ವಸೂಲು ಮಾಡುವ ಬಗೆ, ಇವುಗಳ ಮುಂದೆ ಆ ಸಂಬಳ ಯಾವ ಲೆಕ್ಕ?

ಗೆರೆ ಎಳೆಯುವವರು ಯಾರೆಂಬುದು ತಿಳಿದಿರಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಆಳುವ ಪಕ್ಷವೇ ನಕ್ಷೆ ಬರೆಯುತ್ತದೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಜೆರಿ ಸಹಿ ಹಾಕಿದ ನಕ್ಷೆ ಎಷ್ಟು ವಕ್ರವಾಗಿತ್ತೆಂದರೆ ಪತ್ರಿಕೆಯೊಂದು ಅದಕ್ಕೆ ರೆಕ್ಕೆ ಉಗುರು ಬರೆದು ಪ್ರಾಣಿಯ ಚಿತ್ರ ಮಾಡಿತು. ಆ ವರ್ಷ ಜನ ಜೆರಿಯನ್ನು ಸೋಲಿಸಿದರು, ಆದರೆ ಅವನ ಪಕ್ಷ ಆ ನಕ್ಷೆಯ ಬಲದಿಂದ ಸೆನೆಟ್ಟಿನ 40ರಲ್ಲಿ 29 ಸ್ಥಾನ ಹಿಡಿಯಿತು. ನಮ್ಮಲ್ಲಿ ಗೆರೆ ಎಳೆಯುವುದು ಆಯೋಗ. ಕಳೆದ ಬಾರಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರಾಗಿದ್ದರು. ರಾಜ್ಯದ ಕೆಲ ಸಂಸದರು, ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ, ಮಾತನಾಡಬಹುದು, ಮತ ಹಾಕುವಂತಿಲ್ಲ. ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆ ಕರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಆಮೇಲೆ ಬರುವ ಆದೇಶಕ್ಕೆ ಕಾನೂನಿನ ಬಲ. ಸಂವಿಧಾನದ 329ನೇ ವಿಧಿ ಆ ಗೆರೆಗಳನ್ನು ನ್ಯಾಯಾಲಯದ ಕೈಯಿಂದ ಬಹುಮಟ್ಟಿಗೆ ದೂರವಿಟ್ಟಿದೆ. ಕಾವೇರಿ ವಿಚಾರದಲ್ಲಿ ಮಾಡಿದಂತೆ ಆದೇಶ ಬಂದ ಮೇಲೆ ಸಂಜಯ ವೃತ್ತದಲ್ಲಿ ಟೈರು ಸುಟ್ಟರೆ ಇಲ್ಲಿ ಏನೂ ಸಿಗುವುದಿಲ್ಲ.

ಕರಡಿಗೂ ಆದೇಶಕ್ಕೂ ನಡುವಿನ ಕೆಲವೇ ವಾರಗಳಲ್ಲಿ ಏನು ಹೇಳಬೇಕೆಂಬುದು ಈಗಲೇ ಸಿದ್ಧವಿರಬೇಕು. 2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆ ಜನಸಂಖ್ಯೆಯನ್ನು ಮಾತ್ರ ನೋಡು ಎಂದಿರಲಿಲ್ಲ. ಭೌಗೋಳಿಕವಾಗಿ ಒತ್ತಾಗಿರುವ ಪ್ರದೇಶ, ಆಡಳಿತದ ಗಡಿಗಳು, ಸಂಪರ್ಕ, ಜನರ ಅನುಕೂಲ ಇವನ್ನೂ ಗಮನಿಸಬೇಕೆಂದಿತ್ತು. ಹೋಬಳಿಯನ್ನು ಕಡಿಯಬೇಡಿ, ಒಂದೇ ಉಪನಾಲೆಯ ಅಚ್ಚುಕಟ್ಟನ್ನು ಎರಡು ಕ್ಷೇತ್ರಕ್ಕೆ ಹರಿಯಬೇಡಿ, ಮಳವಳ್ಳಿ ಭಾಗದ ದಲಿತರ ಪ್ರಾತಿನಿಧ್ಯವನ್ನು ಗೆರೆಯ ಆಟದಲ್ಲಿ ಕಳೆಯಬೇಡಿ ಎಂದು ನಕ್ಷೆ ಸಮೇತ, ಊರಿನ ಹೆಸರು ಸಮೇತ ಹೇಳುವವರು ಬೇಕು. ಕೊಪ್ಪ, ದುದ್ದ ಹೋಬಳಿಗಳ ಹದಿನೆಂಟು ವರ್ಷಗಳ ಅನುಭವಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೊಂದಿಲ್ಲ. ಅದನ್ನು ಯಾರೂ ಇದುವರೆಗೆ ಕಾಗದಕ್ಕೆ ಇಳಿಸಿಲ್ಲ.

ಯಾರು ಇಳಿಸಬೇಕು? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಎನ್ನೋಣವೆಂದರೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಗೆ ಹೋದವು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಇದೇ ಕ್ಷೇತ್ರ ಮರುವಿಂಗಡಣೆ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಆಯಸ್ಸೂ ಐದೇ ವರ್ಷ. ಶಾಸಕರಿಗೆ ಬಿಡೋಣವೆಂದರೆ ತಮ್ಮ ಗೆಲುವಿಗೆ ಅನುಕೂಲವಾಗುವ ಬೂತುಗಳು ಎಲ್ಲಿ ಬೀಳುತ್ತವೆ ಎಂಬ ಲೆಕ್ಕವನ್ನು ಮೀರಿ ಅವರು ಯೋಚಿಸುತ್ತಾರೆಂದು ನಂಬುವಷ್ಟು ಮುಗ್ಧರು ನಾವಲ್ಲ.

ಗಡಿ ಬದಲಾದರೆ ಬದುಕು ಬದಲಾಗುತ್ತದೆ ಎಂಬುದು ಜನರಿಗೆ ಗೊತ್ತಿಲ್ಲದ್ದಲ್ಲ. ಮದ್ದೂರನ್ನು ನಗರಸಭೆ ಮಾಡಲು ಗೆಜ್ಜಲಗೆರೆ ಪಂಚಾಯಿತಿಯನ್ನು ಸೇರಿಸಲು ಹೊರಟಾಗ ಅಲ್ಲಿನವರು ಬೀದಿಗಿಳಿದರು. ಅದೇ ಗೆಜ್ಜಲಗೆರೆಯಲ್ಲಿ ಜಿಲ್ಲೆಯ ಹಾಲು ಒಕ್ಕೂಟ ಮನ್‌ಮುಲ್ ಇದೆ. ಅದರ ಕೆಳಗೆ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಹಾಲು ಉತ್ಪಾದಕರ ಸಂಘಗಳಿವೆ. ಸದಸ್ಯರ ಪಟ್ಟಿ, ಸಭೆ ಕರೆಯುವ ಕ್ರಮ, ಠರಾವು ಬರೆಯುವ ಪುಸ್ತಕ ಎಲ್ಲವೂ ಅವುಗಳಲ್ಲಿ ಸಿದ್ಧವಾಗಿವೆ. ರೈತ ಸಂಘದ ಘಟಕಗಳಿವೆ, ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಚುನಾಯಿತ ಸದಸ್ಯರು ಇರಲಿ ಇಲ್ಲದಿರಲಿ, ಗ್ರಾಮಸಭೆ ಎಂಬುದು ಊರಿನ ಮತದಾರರೆಲ್ಲರದು. ಮುಂದಿನ ಗ್ರಾಮಸಭೆಯ ವಿಷಯ ಪಟ್ಟಿಗೆ ಚರಂಡಿ, ಬೀದಿ ದೀಪದ ಜೊತೆಗೆ ಇದೊಂದನ್ನೂ ಸೇರಿಸಲಿ: ನಮ್ಮ ಹೋಬಳಿ ಯಾವ ಕ್ಷೇತ್ರದಲ್ಲಿರಬೇಕು, ಏಕೆ. ಆ ಠರಾವಿನ ಪ್ರತಿ ಜಿಲ್ಲಾಧಿಕಾರಿಗೊಂದು, ಆಯೋಗ ರಚನೆಯಾದ ದಿನ ಅದಕ್ಕೊಂದು. ಬಹಿರಂಗ ವಿಚಾರಣೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅಲ್ಲ, ಮಂಡ್ಯದಲ್ಲೇ ನಡೆಯಬೇಕೆಂಬ ಒತ್ತಾಯವೂ ಅದರಲ್ಲೇ ಇರಲಿ.